ಬೆಥೆಲ್ ಗ್ಯಾಪಿನಲ್ಲಿ ಆ ಹೆಸರಿನವರು ಇಲ್ಲ

ಕಿಂಗ್‌ಸ್ಟನ್
ಜುಲೈ 12, 2014

ಅಮ್ಮ,

ಫೋನಿನಲ್ಲಿ ಹೇಳೋಣವೆಂದು ಎರಡು ಸಲ ನೋಡಿದೆ. ಒಂದು ಸಲ ನಿಮ್ಮ ಬೆಟ್ಟದ ಮೇಲೆ ಸಿಗ್ನಲ್ ಸಿಗಲಿಲ್ಲ, ಇನ್ನೊಂದು ಸಲ ನಿನ್ನ ಹಲೋ ಕೇಳಿ ನಾನೇ ಇಟ್ಟುಬಿಟ್ಟೆ. ಕಾಗದ ಬರದಿದ್ದರೆ ನಿನ್ನ ಅಂಚೆ ಕಚೇರಿಗೆ ಬೀಗ ಹಾಕುತ್ತಾರೆಂದು ತಿಂಗಳಿಗೆ ಎರಡು ಬರೆಯುವ ಮಾತು ಕೊಟ್ಟಿದ್ದೇನಲ್ಲ, ಇದು ಈ ತಿಂಗಳ ಮೊದಲನೆಯದು. ಕೂತುಕೊಂಡು ಓದು.

ನನ್ನನ್ನು ಓಟದಿಂದ ಹೊರಗಿಟ್ಟಿದ್ದಾರೆ. ಹೋದ ತಿಂಗಳು ರಾಷ್ಟ್ರೀಯ ಕೂಟದಲ್ಲಿ ನಾನೂರು ಮೀಟರ್ ಹರ್ಡಲ್ಸ್‌ನಲ್ಲಿ ಗೆದ್ದ ಚಿನ್ನವನ್ನು ವಾಪಸು ಕೇಳಿದ್ದಾರೆ. ಮದ್ದು ತಿಂದೆ ಎಂದಲ್ಲ, ಮದ್ದು ಪರೀಕ್ಷೆಯವರ ಕೈಗೆ ಸಿಗಲಿಲ್ಲ ಎಂದು. ದಿನಕ್ಕೆ ಒಂದು ಗಂಟೆ ನಾನು ಎಲ್ಲಿರುತ್ತೇನೆಂದು ಮೊದಲೇ ಬರೆದುಕೊಡಬೇಕು, ಅವರು ಹೇಳದೆ ಕೇಳದೆ ಬರುತ್ತಾರೆ ಎಂದು ನಿನಗೆ ಹೇಳಿದ್ದೆನಲ್ಲ. ಹದಿನೆಂಟು ತಿಂಗಳಲ್ಲಿ ಮೂರು ಸಲ ಸಿಗದೆ ಹೋದರೆ ಮದ್ದು ತಿಂದಂತೆಯೇ ಲೆಕ್ಕ. ನವೆಂಬರಿನಲ್ಲಿ ಹಾಸ್ಟೆಲ್ ಬದಲಾಯಿಸಿದ್ದನ್ನು ಬರೆಯಲು ಮರೆತೆ, ಅದು ನನ್ನ ತಪ್ಪು. ಮಾರ್ಚಿನಲ್ಲಿ ಬಸ್ಸು ಕೆಟ್ಟಿತು, ಅದೂ ನನ್ನ ತಪ್ಪೇ ಎನ್ನು. ಮೂರನೆಯದು ಜೂನ್ 8. ಅವತ್ತು ನಾನು ನಿನ್ನ ಮನೆಯಲ್ಲಿದ್ದೆ, ಅಮ್ಮ! ಬೆಳಗ್ಗೆ ಆರರಿಂದ ಏಳು, ಬೆಥೆಲ್ ಗ್ಯಾಪ್ ಅಂಚೆ ಕಚೇರಿ, ಟ್ರೆಲಾನಿ ಜಿಲ್ಲೆ ಎಂದು ಬರೆದುಕೊಟ್ಟಿದ್ದೆ. ನಮ್ಮೂರಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ, ಎಲ್ಲರ ವಿಳಾಸವೂ ನಿನ್ನ ಅಂಚೆ ಕಿಟಕಿಯೇ, ನಮ್ಮ ಮನೆಯಂತೂ ಅದರ ಗೋಡೆಯ ಹಿಂದೆಯೇ.

ಅವರು ಆರೂವರೆಗೆ ಬಂದಿದ್ದರಂತೆ. ಕಿಟಕಿಯಲ್ಲಿದ್ದ ಹೆಂಗಸು "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದಳಂತೆ. ಎದುರಿನ ಅಂಗಡಿಯವನೂ ಹಾಗೇ ಅಂದನಂತೆ. ಎಂಥ ಹಸಿ ಸುಳ್ಳು! ಇವರು ಆ ಗುಡ್ಡ ಹತ್ತಿಯೇ ಇಲ್ಲ. ಕೆಳಗೆ ಪೇಟೆಯಲ್ಲಿ ತಿಂಡಿ ತಿಂದು ವರದಿ ಬರೆದಿದ್ದಾರೆ. ಕೂಟದಲ್ಲಿ ಗೆದ್ದ ಮೇಲೆ ಪರೀಕ್ಷೆಗೆ ಮೂತ್ರ ಕೊಟ್ಟೆ, ಏನೂ ಸಿಗಲಿಲ್ಲ. ಇನ್ನೇನು ಬೇಕು ಇವರಿಗೆ?

ಅಕ್ಟೋಬರಿನಲ್ಲಿ ವಿಚಾರಣೆ. ಜೂನ್ 8ರಂದು ಯಾರೂ ಬಂದಿರಲಿಲ್ಲ ಎಂದು ನೀನು ಎರಡು ಸಾಲು ಬರೆದು, ಸಹಿ ಮಾಡಿ, ನಿನ್ನ ಮೊಹರು ಹೊಡೆದು ಕಳಿಸು. ಬೇಗ.

ಕೆರೀನ್

*

ಬೆಥೆಲ್ ಗ್ಯಾಪ್
ಜುಲೈ 23

ಕೆರೀ,

ನಿನ್ನ ಕಾಗದ ಬಂತು. ಓದಿ ಪಾಸ್ಟರ್‌ಗೆ ಹೇಳಿದೆ, ನಿನಗಾಗಿ ಪ್ರಾರ್ಥನೆ ಮಾಡಿಸಿದರು.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಹಿತ್ತಲಿನ ಗೆಣಸಿನ ಬಳ್ಳಿ ಈ ಸಲ ಚೆನ್ನಾಗಿ ಹಬ್ಬಿದೆ. ಎದುರಿನ ಅಂಗಡಿಯ ಸೀಬರ್ಟ್‌ನ ಮೇಕೆ ಮತ್ತೆ ಬೇಲಿ ಹಾರಿ ಬಂದು ಒಣಹಾಕಿದ ನನ್ನ ಒಳ್ಳೆಯ ಪರದೆ ತಿಂದಿತು. "ಏನ್ ಸೀಬರ್ಟ್, ನಿನ್ ಮೇಕೆಗೆ ಅಂಗಡೀಲಿ ಬಟ್ಟೆ ಸಿಗಲ್ವಾ?" ಅಂದೆ. "ಅದು ಹೆಣ್ಣ್ ಮೇಕೆ ಸಿಸ್ಟರ್, ಪರದೆ ಕಂಡ್ರೆ ಆಸೆ" ಅಂದ, ಚರ್ಚಿನವರ ಹಾಗೆ ಸಿಸ್ಟರ್ ಎಂದೇ ಕರೆದು. ನಾಚಿಕೆ ಇಲ್ಲದ ಗಂಡಸು.

ನೀನು ಕೇಳಿದ ದಿನದ ವಿಷಯ. ಈ ಕಿಟಕಿಗೆ ದಿನಾ ಎಷ್ಟು ಜನ ಬರುತ್ತಾರೆ, ಯಾವತ್ತು ಯಾರು ಬಂದರು ಎಂದು ಹೇಗೆ ನೆನಪಿರುತ್ತದೆ? ಯೋಚಿಸಿ ಬರೆಯುತ್ತೇನೆ. ಬಸ್ಸಿನ ಡ್ರೈವರ್ ಕೈಯಲ್ಲಿ ಗೆಣಸು, ಹಸಿ ಬಾಳೆಕಾಯಿ ಕಳಿಸಿದ್ದೇನೆ. ಹೊಟ್ಟೆಗೆ ಸರಿಯಾಗಿ ತಿನ್ನು.

ಅಮ್ಮ

*

ಕಿಂಗ್‌ಸ್ಟನ್
ಆಗಸ್ಟ್ 4

ಅಮ್ಮ,

ಒಂದೇ ಒಂದು ಮಾತು ಕೇಳಿದ್ದೆ. ನೀನು ಮೇಕೆಯ ಬಗ್ಗೆ ಬರೆದೆ.

1998ರಲ್ಲಿ ಯಾರ ಮನಿಯಾರ್ಡರ್ ಯಾವ ವಾರ ತಡವಾಯಿತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವಳು ನೀನು. ಎರಡು ತಿಂಗಳ ಹಿಂದಿನದು ನೆನಪಿಲ್ಲವೇ?

ಇಲ್ಲಿ ನನ್ನ ಪಾಡು ಕೇಳು. ದೇಶದ ತಂಡ ನಾನಿಲ್ಲದೆ ವಿಮಾನ ಹತ್ತಿತು. ಹಸಿರು ಹಳದಿ ಅಂಗಿಯನ್ನು ವಾಪಸು ಕೊಟ್ಟು ಬಂದೆ, ತೆಗೆದುಕೊಂಡವಳು ನನ್ನ ಮುಖ ನೋಡಲಿಲ್ಲ. ಮೈದಾನಕ್ಕೆ ಹೋಗುವ ಹಾಗಿಲ್ಲ, ಹೊರಗೆ ರಸ್ತೆಯಲ್ಲಿ ಓಡುತ್ತೇನೆ. ಮಿನಿಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ಕೂಗುತ್ತಾನೆ: "ಓಯ್ ಮಿಸ್ ಟಲಕ್, ಏನ್ ಕುಡಿದ್ರಿ ಹೇಳ್ರಿ, ನಮ್ ಬಸ್ಸಿಗೂ ಸ್ವಲ್ಪ ಹಾಕೋಣ!" ಬಸ್ಸೆಲ್ಲ ನಗುತ್ತದೆ.

ನಗದಿರುವವಳು ಟ್ರೂಡಿಯನ್ ಒಬ್ಬಳೇ. ನನ್ನ ರೂಮಿನವಳು, ನೀನು ಈಸ್ಟರ್‌ನಲ್ಲಿ ಬನ್ ಕಳಿಸಿದಾಗ ಅರ್ಧ ತಿಂದವಳು. ಕೂಟದಲ್ಲಿ ನನ್ನ ಹಿಂದೆ ಎರಡನೆಯವಳಾಗಿ ಬಂದದ್ದು ಅವಳೇ. ನನ್ನ ಚಿನ್ನ ಈಗ ಅವಳಿಗೆ ಹೋಗಬೇಕು. ಅಥ್ಲೆಟಿಕ್ಸ್ ಸಂಘದವರು ಕರೆದು ಕೊಡಲು ಹೋದರೆ, "ಅವಳು ಹೆಂಗೆ ಅಂತ ನಂಗೊತ್ತು. ಅವಳ ಪದಕ ನಾನ್ ಮುಟ್ಟಲ್ಲ" ಎಂದು ಹೇಳಿ ಬಂದಳು.

ಪರರಿಗೆ ಇಷ್ಟು ನಂಬಿಕೆ ಇರುವಾಗ ನನ್ನ ತಾಯಿಗೆ ಎರಡು ಸಾಲು ಬರೆಯಲು ಏನು ಕಷ್ಟ? ಅವರು ಬಂದಿದ್ದರೋ ಇಲ್ಲವೋ, ಹೇಳು.

ಕೆರೀನ್

*

ಬೆಥೆಲ್ ಗ್ಯಾಪ್
ಆಗಸ್ಟ್ 18

ಕೆರೀ,

ಬಂದಿದ್ದರು.

ಒಬ್ಬ ಹೆಂಗಸು, ಒಬ್ಬ ಗಂಡಸು, ಬಿಳಿ ಕಾರು. ಹೆಂಗಸಿನ ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ. "ಗುಡ್ ಮಾರ್ನಿಂಗ್ ಮಾ, ಕೆರೀನ್ ಟಲಕ್ ಮನೆ ಯಾವ್ದು?" ಎಂದು ಕೇಳಿದಳು. ನಾನು, "ಆ ಹೆಸ್ರಿನೋರು ಇಲ್ಲಿ ಯಾರೂ ಇಲ್ಲ" ಎಂದೆ. ನೀನು ಗೋಡೆಯ ಆಚೆ ಮಲಗಿದ್ದೆ. ಹತ್ತು ಹೆಜ್ಜೆ ಇಲ್ಲ.

ನಮ್ಮೂರ ಅಭ್ಯಾಸ ನಿನಗೆ ಗೊತ್ತು. ಕಾಗದ ಹಿಡಿದು ಬಂದ ಪರಸ್ಥಳದವರಿಗೆ ಯಾರ ಮನೆಯನ್ನೂ ತೋರಿಸುವುದಿಲ್ಲ. ನಿನ್ನ ಬಾಸಿಲ್ ಮಾವನ ಮನೆಯನ್ನು ಹಿಂದೊಮ್ಮೆ ಯಾರೋ ಕೋರ್ಟಿನವರಿಗೆ ಬೆರಳು ಮಾಡಿ ತೋರಿಸಿದರು, ಅವನು ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದು ಬಂದ. ಅಂದಿನಿಂದ ಸತ್ತವರ ಸಮಾಧಿ ಕೇಳಿದರೂ ನಾವು ಗೊತ್ತಿಲ್ಲ ಎನ್ನುವವರೇ. ಸೀಬರ್ಟ್‌ಗೆ ನನ್ನ ದನಿ ಕೇಳಿಸಿತ್ತು. ಅವರು ರಸ್ತೆ ದಾಟುವಷ್ಟರಲ್ಲಿ, ಗೋಡೆಗೆ ಅಂಟಿಸಿದ್ದ ಪೇಪರಿನ ನಿನ್ನ ಫೋಟೋಗೆ ಬೆನ್ನು ಕೊಟ್ಟು ನಿಂತು, "ಟಲಕ್ಕಾ? ಅಂಥಾ ಹೆಸ್ರೇ ಕೇಳಿಲ್ವಲ್ಲ ಸಾರ್" ಎಂದ. ಅವರು ಕಾರಿನಲ್ಲಿ ಏಳು ಗಂಟೆಯವರೆಗೆ ಕೂತಿದ್ದು ಹೋದರು.

ಇದನ್ನು ಬರೆದು ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಆಗಲಿಲ್ಲ.

19ನೇ ತಾರೀಕು. ನಿನ್ನೆ ಬರೆದದ್ದು ನಿಜ, ಆದರೆ ಪೂರ್ತಿ ಅಲ್ಲ. ಅರ್ಧ ಹೇಳಿ ದೇವರ ಮುಂದೆ ಹೇಗೆ ನಿಲ್ಲಲಿ?

ಅವರು ಕೋರ್ಟಿನವರಲ್ಲ ಎಂದು ನನಗೆ ಗೊತ್ತಿತ್ತು. ಹೆಂಗಸಿನ ಕೊರಳಲ್ಲಿದ್ದ ಕಾರ್ಡು ಓದಿದೆ. ಇಪ್ಪತ್ತಾರು ವರ್ಷದಿಂದ ಲಕೋಟೆ ಓದುವವಳು ನಾನು, ತಲೆಕೆಳಗಾಗಿದ್ದರೂ ಓದುತ್ತೇನೆ. ಮದ್ದು ಪರೀಕ್ಷೆಯವರು ಎಂದು ತಿಳಿದೇ ನಾನು ಇಲ್ಲ ಎಂದೆ. ಒಳಗೆ ಹೋಗಿ, ಹೊರಗಿನ ಮಾತು ನಿನ್ನ ಕಿವಿಗೆ ಬೀಳದಿರಲೆಂದು ರೇಡಿಯೋದ ದನಿ ಹೆಚ್ಚಿಸಿದೆ.

ಯಾಕೆಂದರೆ ಹಿಂದಿನ ದಿನ ನಿನ್ನ ಬಟ್ಟೆ ಒಗೆಯಲು ಚೀಲ ಬಿಚ್ಚಿದಾಗ, ಕಾಲುಚೀಲದೊಳಗೆ ಸುತ್ತಿಟ್ಟ ಕಂದು ಬಾಟಲಿ ಸಿಕ್ಕಿತು. ಚೀಟಿ ಇಲ್ಲ, ಹೆಸರಿಲ್ಲ, ಒಳಗೆ ಸಣ್ಣ ಮಾತ್ರೆಗಳು. ನಾನು ಪೇಪರ್ ಓದುತ್ತೇನೆ ಕೆರೀ. ನಿನ್ನನ್ನು ಕೇಳಲಿಲ್ಲ. ಮತ್ತೆ ಹಾಗೇ ಸುತ್ತಿಟ್ಟೆ. ನನ್ನ ಮಗಳು ತಪ್ಪು ಮಾಡಿದ್ದಾಳೆ ಎಂದು ಒಂದೇ ಕ್ಷಣದಲ್ಲಿ ನಂಬಿಬಿಟ್ಟೆ, ರಾತ್ರಿಯೆಲ್ಲ ನಂಬಿದೆ, ಬೆಳಗ್ಗೆ ಅದನ್ನು ಮುಚ್ಚಲು ಸುಳ್ಳು ಹೇಳಿದೆ.

ನಿನ್ನ ಹೆಸರು ಹಾಳಾಗಿದ್ದು ನನ್ನ ನಾಲಿಗೆಯಿಂದ. ಅದಕ್ಕಿಂತ ದೊಡ್ಡ ಪಾಪ ನಿನ್ನನ್ನು ನಂಬದೇ ಹೋದದ್ದು. ಆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ನೀನು ಬರೆದ ದಿನದಿಂದ ನನಗೆ ಅನ್ನ ಇಳಿದಿಲ್ಲ. ಬೈಯಬೇಕೆನಿಸಿದರೆ ಬೈದು ಬರೆ.

ಅಮ್ಮ

*

ಕಿಂಗ್‌ಸ್ಟನ್
ಆಗಸ್ಟ್ 30

ಅಮ್ಮ,

ಅದು ಕಬ್ಬಿಣಾಂಶದ ಮಾತ್ರೆ. ನನಗೆ ರಕ್ತ ಕಡಿಮೆ ಇತ್ತು. ಡಬ್ಬಿ ಒಡೆದಿತ್ತೆಂದು ಬೇರೆ ಬಾಟಲಿಗೆ ಹಾಕಿದ್ದೆ. ಕೇಳಿದ್ದರೆ ಹೇಳುತ್ತಿದ್ದೆ.

ನಿನ್ನ ಕಾಗದವನ್ನು ವಕೀಲರಿಗೆ ತೋರಿಸಿದೆ. ಕುರ್ಚಿಯಿಂದ ಎದ್ದೇಬಿಟ್ಟರು. ನಾನು ಹೇಳಿದ ಜಾಗದಲ್ಲೇ ಇದ್ದೆ, ಬೇರೆಯವರು ದಾರಿ ತಪ್ಪಿಸಿದರು ಎಂದು ಸಾಬೀತಾದರೆ ಮೂರನೆಯದು ಲೆಕ್ಕಕ್ಕೆ ಬರುವುದಿಲ್ಲವಂತೆ. ಚಿನ್ನವೂ ಉಳಿಯುತ್ತದೆ. ಆದರೆ ಕಾಗದ ಸಾಲದು, ನೀನೇ ಬಂದು ಪ್ರಮಾಣ ಮಾಡಿ ಹೇಳಬೇಕು. ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾರೆ. ಮಾತ್ರೆ ನೋಡಿ ತಪ್ಪು ತಿಳಿದೆ, ಅದು ಬರೀ ಕಬ್ಬಿಣಾಂಶ ಎಂದು ಆಮೇಲೆ ಗೊತ್ತಾಯಿತು ಎನ್ನಬೇಕು.

ಅಕ್ಟೋಬರ್ 3, ಹತ್ತು ಗಂಟೆ.

ಕೆರೀನ್

*

ಬೆಥೆಲ್ ಗ್ಯಾಪ್
ಸೆಪ್ಟೆಂಬರ್ 15

ನನ್ನ ಬಂಗಾರದ ಕೆರೀ,

ಕಬ್ಬಿಣಾಂಶ! ನಿನ್ನ ಕಾಗದ ಓದಿ ಕಿಟಕಿ ಮುಚ್ಚಿ ಕೂತು ಮನಸಾರೆ ಅತ್ತೆ. ಹೊರಗೆ ಸ್ಟಾಂಪಿಗೆ ನಿಂತವರು ಬಡಿಯುತ್ತಲೇ ಇದ್ದರು. ಬಡಿಯಲಿ ಬಿಡು.

ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತೆ. ಎಲ್ಲ ಹೇಳಿದೆ. ಬಾಟಲಿ ನೋಡಿದ್ದು, ಹೆತ್ತ ಮಗಳನ್ನು ಅನುಮಾನಿಸಿದ್ದು, ಸುಳ್ಳು ಹೇಳಿದ್ದು, ನನ್ನ ಸುಳ್ಳಿನಿಂದ ನಿನ್ನ ಚಿನ್ನ ಹೋದದ್ದು. ಆಮೇಲೆ ಸಿಸ್ಟರ್ ಹಯಸಿಂತ್ ಹಿಂದಿನ ಬೆಂಚಿನಿಂದ, "ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಇಸಿಲ್ಡಾ ಟಲಕ್ ತಪ್ಪು ಒಪ್ಕೊಂಡಿದ್ದು ಇದೇ ಮೊದಲು. ದೇವ್ರು ಇದಾನೆ ಕಣ್ರೇ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಗೆ ಬಂದ ಮೇಲೆ ನಗು ಇರಲಿಲ್ಲ. ಸೀಬರ್ಟ್ ಮುಖ ಊದಿಸಿಕೊಂಡು, "ಕೋರ್ಟಿನೋರು ಅನ್ಕೊಂಡ್ ನಾನ್ ಹಂಗಂದೆ. ನಿಂಗೆ ಗೊತ್ತಿದ್ದೂ ಅಂದ್ಯಲ್ಲ ಸಿಸ್ಟರ್. ನಮ್ಮೂರಿಂದ ಓಡಿ ಗೆದ್ದೋಳು ಅಂತ ಇದ್ದಿದ್ದು ಅದೊಂದೇ ಮಗು" ಎಂದು ಹೋದ. ಅವನ ಮಾತು ಸರಿ. ಬೈಸಿಕೊಂಡಷ್ಟೂ ನನಗೆ ಹಗುರವಾಗುತ್ತಿದೆ.

ನೀಲಿ ಉಡುಪು, ಬಿಳಿ ಟೋಪಿ ತೆಗೆದಿಟ್ಟಿದ್ದೇನೆ. ಎರಡನೇ ತಾರೀಕು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಬೈಬಲಿನ ಮೇಲೆ ಕೈಯಿಟ್ಟು ಹೇಳುತ್ತೇನೆ, ನನ್ನ ಮಗಳು ಯಾವ ಮದ್ದನ್ನೂ ಮುಟ್ಟಿದವಳಲ್ಲ, ಮುಟ್ಟಿದ್ದಾಳೆ ಎಂದುಕೊಂಡ ತಾಯಿಯೇ ಅಪರಾಧಿ ಎಂದು. ನನ್ನನ್ನು ಕ್ಷಮಿಸಿದ್ದೀಯಾ ಎಂದು ನೀನು ಇನ್ನೂ ಬರೆದಿಲ್ಲ. ಅವಸರವಿಲ್ಲ. ನಿನಗೆ ಮನಸ್ಸಾದಾಗ ಬರೆ.

ನಿನ್ನ ಅಮ್ಮ

*

ಕಿಂಗ್‌ಸ್ಟನ್
ಸೆಪ್ಟೆಂಬರ್ 22

ಅಮ್ಮ,

ಬರಬೇಡ.

ಕಬ್ಬಿಣಾಂಶ ಅಲ್ಲ.

ಯಾರು ಕೊಟ್ಟರು ಎಂದು ಕೇಳಬೇಡ, ನುಂಗಿದವಳು ನಾನು. ಮೇ 20ರಿಂದ ಜೂನ್ 12ರವರೆಗೆ, ದಿನಕ್ಕೊಂದು. ನಿಲ್ಲಿಸಿ ಹತ್ತು ದಿನ ಕಳೆದರೆ ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂದಿದ್ದರು, ಉಳಿಯಲಿಲ್ಲ. ನೀನು ಅವರನ್ನು ವಾಪಸು ಕಳಿಸಿದ ಬೆಳಗ್ಗೆಯೂ ನುಂಗಿದೆ, ನೀನು ತಂದುಕೊಟ್ಟ ಬಿಸಿ ಕೋಕೋ ಜೊತೆ. ನೀನು ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದೆ. ಅಮ್ಮನಿಗೆ ಯಾಕೋ ಇವತ್ತು ಪ್ರೀತಿ ಉಕ್ಕಿದೆ ಎಂದುಕೊಂಡೆ.

ಅವತ್ತು ಅವರು ಒಳಗೆ ಬಂದಿದ್ದರೆ ಸಿಕ್ಕಿಬೀಳುತ್ತಿದ್ದೆ. ನಾಲ್ಕು ವರ್ಷದವರೆಗೂ ನಿಷೇಧ ಬೀಳಬಹುದಿತ್ತು.

ಮೊದಲ ಕಾಗದ ಬರೆದಾಗ ಅವರು ಬಂದೇ ಇಲ್ಲ ಎಂದು ನಿಜವಾಗಿಯೂ ನಂಬಿದ್ದೆ, ಅಷ್ಟು ಮಾತ್ರ ನಿಜ. ನೀನು ಬಾಟಲಿಯ ವಿಷಯ ಬರೆದಾಗ ಹೆದರಿಕೆಯಾಯಿತು. ವಕೀಲರಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದ ಹಾಗೇ ಕಬ್ಬಿಣಾಂಶ ಎಂದು ಬಾಯಿಗೆ ಬಂತು. ಅವರು ನಂಬಿದರು. ನಿನಗೂ ಅದನ್ನೇ ಬರೆದೆ. ನೀನು ಅಷ್ಟು ಖುಷಿಪಡುತ್ತೀಯ ಎಂದು ಗೊತ್ತಿರಲಿಲ್ಲ. ಚರ್ಚಿನಲ್ಲಿ ಎದ್ದು ನಿಲ್ಲುತ್ತೀಯ ಎಂದು ಗೊತ್ತಿರಲಿಲ್ಲ.

ಹೋದ ವಾರ ಟ್ರೂಡಿಯನ್ ಒಂದು ಹಾಳೆ ತಂದು ಮಂಚದ ಮೇಲಿಟ್ಟಳು. ವಿಚಾರಣೆಯವರಿಗೆ ಅವಳೇ ಬರೆದದ್ದು. "ಮೂರು ವರ್ಷದಿಂದ ನಾವು ಒಂದೇ ಕೋಣೆಯಲ್ಲಿದ್ದೇವೆ, ಕೆರೀನ್ ಎಂಥವಳು ಎಂದು ನನಗೆ ಗೊತ್ತು" ಎಂದು. "ಸರಿಯಾಗಿದ್ಯಾ ನೋಡೇ, ಕಾಗುಣಿತ ತಪ್ಪಿದ್ರೆ ಹೇಳು" ಎಂದಳು. ನಾನು ಒಂದು ತಪ್ಪನ್ನು ತಿದ್ದಿಕೊಟ್ಟೆ, ಅಮ್ಮ. ತಿದ್ದಿಕೊಟ್ಟೆ! ಕೊನೆಯ ಹರ್ಡಲ್‌ವರೆಗೂ ಅವಳೇ ಮುಂದಿದ್ದಳು. ಅಲ್ಲಿಂದ ಆಚೆ ನನ್ನ ಕಾಲಿಗೆ ದಣಿವೇ ಇರಲಿಲ್ಲ. ಅದು ನನ್ನ ಕಾಲಾಗಿರಲಿಲ್ಲ.

ಅದೇ ದಿನ ನಿನ್ನ ಕಾಗದ ಬಂತು. ಬೈಬಲಿನ ಮೇಲೆ ಕೈಯಿಡುತ್ತೇನೆ ಎಂದು ನೀನು ಬರೆದಿದ್ದೆ. ಅದನ್ನು ಮಾತ್ರ ನಾನು ಮಾಡಿಸಲಾರೆ.

ವಕೀಲರಿಗೆ ಹೇಳಿದೆ, ವಾದ ಬೇಡ, ಮೂರು ಸಲ ಸಿಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷ ನಿಷೇಧ, ಅಷ್ಟೇ. ಮಾತ್ರೆಯ ವಿಷಯ ಯಾರಿಗೂ ಗೊತ್ತಾಗಬೇಕಿಲ್ಲ. ಚಿನ್ನ ಹೇಗೂ ಟ್ರೂಡಿಯನ್‌ಗೇ ಹೋಗುತ್ತದೆ, ಸೇರಬೇಕಾದವಳಿಗೆ ಸೇರಿದ ಹಾಗಾಯಿತಲ್ಲ. ನನಗೆ ಗೊತ್ತು, ಊರಿನಲ್ಲಿ ಎಲ್ಲರೂ ನಿನ್ನ ಸುಳ್ಳಿನಿಂದಲೇ ನಾನು ಹಾಳಾದೆ ಎನ್ನುತ್ತಾರೆ. ಸ್ವಲ್ಪ ದಿನ ತಡೆದುಕೋ. ಈ ಕಾಗದವನ್ನು ಓದಿ ಸುಟ್ಟುಬಿಡು.

ಕ್ಷಮಿಸಿದ್ದೀಯಾ ಎಂದು ನೀನು ಕೇಳಿದ್ದೆ. ನಾನು ಏನೆಂದು ಬರೆಯಲಿ?

ಕೆರೀನ್

*

ಬೆಥೆಲ್ ಗ್ಯಾಪ್
ಅಕ್ಟೋಬರ್ 6

ಕೆರೀ,

ಎರಡನೇ ತಾರೀಕು ಬಸ್ಸು ಬಂತು, ನಾನು ಹತ್ತಲಿಲ್ಲ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಆ ಹೊತ್ತಿಗೆ ಸೀಬರ್ಟ್ ಅಂಗಡಿಯ ಮುಂದೆ ಇದ್ದವರೆಲ್ಲ ನೋಡಿದರು. ಭಾನುವಾರ ನನ್ನ ಬೆಂಚಿನಲ್ಲಿ ನಾನೊಬ್ಬಳೇ ಕೂತೆ. ಹಯಸಿಂತ್ ಮಾತ್ರ ಹೊರಗೆ ತಡೆದು ನಿಲ್ಲಿಸಿ, "ಅಷ್ಟೊಂದ್ ಅತ್ತು ಕರೆದು, ಮಗಳಿಗೋಸ್ಕರ ಒಂದ್ ಬಸ್ ಹತ್ತೋಕೆ ಆಗ್ಲಿಲ್ವಾ ನಿಂಗೆ? ಕಲ್ಲು ಕಣೆ ನೀನು" ಎಂದಳು. ಹೌದು ಎಂದೆ.

ನಿನಗೆ ಒಂದು ವಿಷಯ ಹೇಳಬೇಕು. ನಾನೇ ತಪ್ಪಿತಸ್ಥಳು ಎಂದುಕೊಂಡಿದ್ದ ಆ ಮೂರು ವಾರ ನಾನು ಎಷ್ಟು ಸುಖವಾಗಿದ್ದೆ ಎಂದರೆ ನಿನಗೆ ಅರ್ಥವಾಗದು. ನನ್ನ ಮಗಳು ಚೊಕ್ಕ, ಕೆಟ್ಟವಳು ನಾನು. ಅದಕ್ಕಿಂತ ಇನ್ನೇನು ಬೇಕಿತ್ತು ನನಗೆ? ಈಗ ನನ್ನ ಅನುಮಾನವೇ ಸರಿಯಾಯಿತು. ಸರಿಯಾಗಿದ್ದಕ್ಕೆ ಇಷ್ಟು ನೋವಾಗುತ್ತದೆಂದು ಗೊತ್ತಿರಲಿಲ್ಲ.

ನಿನ್ನ ಮೇಲೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ನನ್ನ ಮೇಲೂ ಇದೆ. ಅವತ್ತು ಆ ಕೋಕೋ ಲೋಟ ಕೆಳಗಿಟ್ಟು, "ಕೆರೀ, ಏನಿದು?" ಎಂದು ಒಂದು ಮಾತು ಕೇಳಿದ್ದರೆ ನೀನು ಅಲ್ಲೇ ನಿಲ್ಲಿಸುತ್ತಿದ್ದೆಯೋ ಏನೋ. ನಾನು ನಿನ್ನನ್ನು ಕೇಳುವ ಬದಲು ಲೋಕಕ್ಕೆ ಸುಳ್ಳು ಹೇಳಿದೆ. ಅದನ್ನು ಯಾವ ಚರ್ಚಿನಲ್ಲಿ ನಿಂತು ಹೇಳಿದರೂ ಹೋಗುವುದಿಲ್ಲ.

ಊರಿನವರ ಮಾತು ನನಗೆ ಭಾರವಲ್ಲ. ಆದರೆ ನೀನು ಒಂದು ಸಾಲು ತಪ್ಪು ಬರೆದಿದ್ದೀಯ. ಚಿನ್ನ ಸೇರಬೇಕಾದವಳಿಗೆ ಸೇರಿತು ಎಂದು. ಸೇರಿಲ್ಲ. ಆ ಹುಡುಗಿ ನೀನು ನಿರಪರಾಧಿ ಎಂದು ನಂಬಿ, ತನ್ನದೇ ಪದಕವನ್ನು ಗೆಳತಿಯದನ್ನು ಕದ್ದವಳ ಹಾಗೆ ತಲೆ ತಗ್ಗಿಸಿ ತೆಗೆದುಕೊಳ್ಳುತ್ತಾಳೆ. ಬದುಕಿರುವವರೆಗೆ ಅದನ್ನು ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ಅವಳಿಂದ ನೀನು ಒಂದು ಸಲ ಕಸಿದೆ. ಈಗ ಕೊಡುವ ನೆಪದಲ್ಲಿ ಇನ್ನೊಂದು ಸಲ ಕಸಿಯುತ್ತಿದ್ದೀಯ.

ನಿನ್ನ ಕಾಗದವನ್ನು ಸುಡಲಿಲ್ಲ. ಅದು ನನಗೆ ಬರೆದದ್ದಲ್ಲ. ಹೊಸ ಲಕೋಟೆಯಲ್ಲಿಟ್ಟು ಸ್ಟಾಂಪು ಹಚ್ಚಿದ್ದೇನೆ, ಹೆಸರು ಬರೆದಿಲ್ಲ. ಇನ್ನೊಬ್ಬರ ಕಾಗದವನ್ನು ಅವರಿಗೆ ಹೇಳದೆ ಕಳಿಸಿದವಳಲ್ಲ ನಾನು, ಇದನ್ನೂ ಕಳಿಸುವುದಿಲ್ಲ. ನೀನು ಮನೆಗೆ ಬಾ. ಹಿಂದಿನ ಕೋಣೆಯಲ್ಲಿ ಮಲಗು, ಬೇಕಾದಷ್ಟು ಅಳು, ನಾನು ರೇಡಿಯೋ ಹಾಕುವುದಿಲ್ಲ. ಆಮೇಲೆ ಕಿಟಕಿಗೆ ಬಂದು ಟ್ರೂಡಿಯನ್ ಹೆಸರನ್ನು ನೀನೇ ಬರೆ. ಬುಧವಾರ, ಶುಕ್ರವಾರ ಹತ್ತು ಗಂಟೆಗೆ ಟಪಾಲು ಚೀಲ ಹೋಗುತ್ತದೆ. ಅಲ್ಲಿಯವರೆಗೆ ನಿನ್ನ ಪಾಲಿನ ಬೈಗುಳವನ್ನೂ ನಾನೇ ತಿನ್ನುತ್ತಿರುತ್ತೇನೆ. ತುಂಬಾ ದಿನ ತಿನ್ನಿಸಬೇಡ ಮಗಳೇ.

ಅಮ್ಮ